ಹಳದಿಗಟ್ಟಿದ ಹೆಡ್‌ಲೈಟ್: ತಿಕ್ಕಿದರಷ್ಟೇ ಸಾಲದು, ಮೇಲೆ ರಕ್ಷಣೆಯ ಪದರ ಬೇಕು

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳದ ಕಡೆ ರಾತ್ರಿ ಕಾರು ಓಡಿಸುವವರಿಗೆ ಗೊತ್ತು, ಹಿಂಬದಿ ದೀಪವಿಲ್ಲದ ಕಬ್ಬಿನ ಟ್ರೇಲರ್ ತೀರ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಅಂಥ ರಸ್ತೆಯಲ್ಲಿ ಮಬ್ಬು ಹೆಡ್‌ಲೈಟ್ ಜೀವಕ್ಕೇ ಅಪಾಯ. ಹೊಸ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ. ಮಬ್ಬಾದ ಮುಂಭಾಗ ಬೆಳಕನ್ನು ಅತ್ತಿತ್ತ ಚೆದುರಿಸಿ, ಎದುರಿನವರ ಕಣ್ಣು ಕುಕ್ಕುತ್ತದೆ.

ಈಗಿನ ಕಾರುಗಳ ಹೆಡ್‌ಲೈಟ್ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣ ತಡೆಯಲು ಕಂಪನಿಯವರು ಅದರ ಮೇಲೆ ತೆಳುವಾದ ಗಟ್ಟಿ ಪದರ ಬಳಿದಿರುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರ, ಬಾಗಲಕೋಟೆಯ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆ ಪದರ ಸವೆದು ಬಿರುಕು ಬಿಡುತ್ತದೆ, ಕೆಳಗಿನ ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಮೊದಲು ಒಂದು ಪರೀಕ್ಷೆ. ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ನೀರಿದ್ದಾಗ ತಿಳಿಯಾಗಿ, ಒಣಗಿದ ಮೇಲೆ ಮತ್ತೆ ಮಬ್ಬಾದರೆ ದೋಷ ಹೊರಗಿದೆ, ಮನೆಯಲ್ಲೇ ಸರಿಪಡಿಸಬಹುದು. ಒದ್ದೆಯಾದರೂ ಮಬ್ಬು ಹೋಗದಿದ್ದರೆ, ಅಥವಾ ಒಳಗೆ ನೀರಹನಿ ಕಂಡರೆ, ಹೊರಗೆ ಎಷ್ಟು ತಿಕ್ಕಿದರೂ ವ್ಯರ್ಥ.

ಬೇಕಾದವು: 800, 1000, 1500, 2000, 3000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಉಜ್ಜುಕಾಗದ, ನಂಬರ್ ಹೆಚ್ಚಿದಷ್ಟೂ ನಯ; ಎರಡು ಲೈಟಿಗೆ ತಲಾ ಅರ್ಧ ಹಾಳೆ ಸಾಕು), ಮಾಸ್ಕಿಂಗ್ ಟೇಪ್, ರಬ್ಬಿಂಗ್ ಕಾಂಪೌಂಡ್ (ತಿಕ್ಕಿ ಹೊಳಪು ತರುವ ಪೇಸ್ಟ್), ಮೈಕ್ರೋಫೈಬರ್ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್, ಹೆಡ್‌ಲೈಟಿಗೆಂದೇ ಬರುವ, ಅತಿನೇರಳೆ ಕಿರಣ ತಡೆಯುವ ಯುವಿ ಕ್ಲಿಯರ್ ಸ್ಪ್ರೇ. ಎರಡು ಲೈಟಿಗೆ ಸುಮಾರು ಮೂರು ತಾಸು ಬೇಕು.

ಲೈಟ್ ಆರಿಸಿ, ತಣ್ಣಗಾದ ಮೇಲೆ ಶಾಂಪೂ ನೀರಿನಿಂದ ತೊಳೆಯಿರಿ. ಸುತ್ತಲಿನ ಬಣ್ಣದ ಮೇಲೆ ಎರಡು ಸುತ್ತು ಟೇಪ್ ಅಂಟಿಸಿ. ಒಂದೇ ಸುತ್ತು ಹಾಕಿದರೆ ಪೇಪರ್ ಅದನ್ನು ಹರಿದು ಬಾನೆಟ್ ಅಂಚಿನ ಬಣ್ಣ ತೆಗೆದುಬಿಡುತ್ತದೆ. ಪೇಪರನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿಡಿ.

ಪದರ ಸಿಪ್ಪೆಯಂತೆ ಏಳುತ್ತಿದ್ದರೆ 800ರಿಂದ, ಬರೀ ಹಳದಿಯಾಗಿದ್ದರೆ 1000ದಿಂದ ಶುರುಮಾಡಿ. ಹಗುರ ಕೈಯಿಂದ ಅಡ್ಡಡ್ಡ ತಿಕ್ಕುತ್ತ, ನೀರು ಹಾಯಿಸುತ್ತಲೇ ಇರಿ. ಮೊದಮೊದಲು ಹಳದಿ ರಾಡಿ ಇಳಿಯುತ್ತದೆ. ಅದು ಪೂರ್ತಿ ಬೆಳ್ಳಗಾಗುವವರೆಗೆ ಮುಂದಿನ ಪೇಪರಿಗೆ ಹೋಗಬೇಡಿ, ಬಹಳಷ್ಟು ಜನ ತಪ್ಪುವುದು ಇಲ್ಲೇ. ಹಳೆ ಪದರ ಅಲ್ಲಲ್ಲಿ ಉಳಿದರೆ ಕೊನೆಗೆ ಕಲೆಯಾಗಿ ಎದ್ದು ಕಾಣುತ್ತದೆ. ಮುಂದಿನ ಪೇಪರಿನಿಂದ ಮೇಲೆ-ಕೆಳಗೆ ತಿಕ್ಕಿ. ಹೀಗೆ ಪ್ರತಿ ಸಲ ದಿಕ್ಕು ಬದಲಿಸಿದರೆ ಹಿಂದಿನ ಗೆರೆ ಉಳಿದಿದ್ದು ಕಣ್ಣಿಗೆ ಬೀಳುತ್ತದೆ. ಪೇಪರ್ ಬದಲಿಸುವಾಗ ಬಕೆಟ್ಟಿನ ನೀರನ್ನೂ ಬದಲಿಸಿ. ಹಳೆ ನೀರಿನಲ್ಲಿ ಉಳಿದ ಒಂದು ದಪ್ಪ ಕಣ ಸಾಕು, ಹೊಸ ಗೀರು ಬೀಳಲು.

ಈ ಹಂತದಲ್ಲಿ ಲೈಟ್ ಮೊದಲಿಗಿಂತ ಮಂಕಾಗಿ ಕಂಡರೆ ಗಾಬರಿ ಬೇಡ. 3000 ಮುಗಿಸಿ ಕಾಂಪೌಂಡ್ ಹಚ್ಚಿ ದುಂಡಗೆ ತಿಕ್ಕಿದಂತೆ ತಿಳಿಯಾಗುತ್ತದೆ. ಡ್ರಿಲ್ಲಿಗೆ ಫೋಮ್ ಪ್ಯಾಡ್ ಹಾಕಿ ಮಾಡುವವರು ನಿಧಾನ ವೇಗದಲ್ಲಿಟ್ಟು, ಪ್ಯಾಡನ್ನು ಒಂದೆಡೆ ನಿಲ್ಲಿಸಬಾರದು. ಬಿಸಿಗೆ ಪ್ಲಾಸ್ಟಿಕ್ ಸುಟ್ಟು ಬೆಳ್ಳಗಾದರೆ ಮತ್ತೆ ಪೇಪರಿನಿಂದಲೇ ಆರಂಭಿಸಬೇಕು.

ಇಷ್ಟಕ್ಕೇ ನಿಲ್ಲಿಸುವವರ ಲೈಟ್ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ, ಏಕೆಂದರೆ ಈಗ ಪ್ಲಾಸ್ಟಿಕ್ ಬಿಸಿಲಿಗೆ ಬರಿಮೈ. ಟೂತ್‌ಪೇಸ್ಟ್ ಹೊಳಪು ಹೆಚ್ಚು ದಿನ ಬಾಳದಿರುವುದೂ ಇದಕ್ಕೇ. ಸೊಳ್ಳೆ ಓಡಿಸುವ ಸ್ಪ್ರೇಯನ್ನಂತೂ ಹಾಕಲೇಬೇಡಿ. ಅದರಲ್ಲಿನ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸುತ್ತದೆ, ಆ ಕ್ಷಣದ ಹೊಳಪಿನ ಹಿಂದೆ ಜಿಗುಟು, ಬಿರುಕು ಬರುತ್ತವೆ. ಥಿನ್ನರ್, ಪೆಟ್ರೋಲ್ ಕೂಡ ಬೇಡ.

ಕೊನೆಯ ತೊಳೆತಕ್ಕೆ ಬೋರ್‌ವೆಲ್‌ನ ಸವಳು ನೀರಿನ ಬದಲು ಫಿಲ್ಟರ್ ನೀರು ಬಳಸಿ, ಇಲ್ಲದಿದ್ದರೆ ಬಿಳಿ ಉಪ್ಪಿನ ಚುಕ್ಕೆ ಕ್ಲಿಯರ್ ಪದರದ ಕೆಳಗೇ ಸಿಕ್ಕಿಕೊಳ್ಳುತ್ತದೆ. ಆಲ್ಕೋಹಾಲ್‌ನಿಂದ ಒರೆಸಿ, ಟೇಪ್ ಹೊಸದು ಅಂಟಿಸಿ, ಕಾರಿನ ಉಳಿದ ಭಾಗಕ್ಕೆ ಹಳೆ ದಿನಪತ್ರಿಕೆ ಹೊದಿಸಿ. ಸ್ಪ್ರೇ ಮಾಡಲು ಗಾಳಿ ಬೀಸದ ಮುಂಜಾನೆ ಒಳ್ಳೆಯದು. ಮಧ್ಯಾಹ್ನದ ಬಿಸಿಲಲ್ಲಿ ಹನಿ ಕೂರುವ ಮೊದಲೇ ಒಣಗಿ ಮೇಲ್ಮೈ ತರಿತರಿಯಾಗುತ್ತದೆ. ಸುಮಾರು ಒಂದು ಗೇಣು ದೂರದಿಂದ, ಹತ್ತು ನಿಮಿಷ ಬಿಟ್ಟು, ಎರಡು ತೆಳು ಕೋಟು ಹೊಡೆಯಿರಿ. ದಪ್ಪಗೆ ಹೊಡೆದರೆ ಸೋರುತ್ತದೆ. ಹಾರ್ಡನರ್ (ಪದರವನ್ನು ಗಟ್ಟಿಗೊಳಿಸುವ ರಾಸಾಯನಿಕ) ಇರುವ ಟೂ-ಕೆ ಸ್ಪ್ರೇ ಹೆಚ್ಚು ಬಾಳುತ್ತದೆ, ಆದರೆ ಅದರ ಆವಿ ಶ್ವಾಸಕೋಶಕ್ಕೆ ಅಪಾಯಕಾರಿ. ಸಾದಾ ಬಟ್ಟೆಯ ಮಾಸ್ಕ್ ಸಾಲದು, ಪೇಂಟಿಂಗ್‌ಗೆ ಬಳಸುವ ಕಾರ್ಟ್ರಿಜ್ ಮಾಸ್ಕ್ ಬೇಕು, ಕೆಲಸ ಬಯಲಲ್ಲೇ ಆಗಬೇಕು.

ಸ್ಪ್ರೇ ಪೂರ್ತಿ ಒಣಗುವ ಮೊದಲೇ ಟೇಪನ್ನು ನಿಧಾನವಾಗಿ ಓರೆಯಾಗಿ ಎಳೆದು ತೆಗೆಯಿರಿ. ಎರಡು ದಿನ ಕಾರು ತೊಳೆಯಬೇಡಿ.