ಹಾಸನದಿಂದ ದೆಹಲಿಗೆ ಎಷ್ಟು ಹೊತ್ತು? ವಿಮಾನದ ಲೆಕ್ಕ ನೀವೇ ಹಾಕಿ

ಮೊದಲು ದೂರ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಗ್ಲೋಬಿನ ವ್ಯಾಸ 30 ಸೆಂ.ಮೀ. ಇದ್ದರೆ ಸುತ್ತಳತೆ 94 ಸೆಂ.ಮೀ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ದಾರದ ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ದಾರ ಬಿಗಿಯಾಗಿ ಎಳೆದರೆ 4 ಸೆಂ.ಮೀ. ಬರುತ್ತದೆ, ಅಂದರೆ 1,700 ಕಿ.ಮೀ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಹತ್ತಿರದ ಊರಿಗೆ ನಡೆದೀತು, ಅಮೆರಿಕಕ್ಕೆ ಪೂರಾ ತಪ್ಪುತ್ತದೆ.

ಇನ್ನು ಸಮಯ. ಜೆಟ್ ವಿಮಾನವಾದರೆ ದೂರವನ್ನು 800ರಿಂದ ಭಾಗಿಸಿ, 40 ನಿಮಿಷ ಸೇರಿಸಿ. ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು ಎಲ್ಲ ಆ 40ರಲ್ಲಿ ಬಂತು. ದೆಹಲಿಗೆ 2 ಗಂಟೆ 47 ನಿಮಿಷ. ಟಿಕೆಟ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನವಾದರೆ 500ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಮಂಗಳೂರು–ಬೆಂಗಳೂರು 306 ಕಿ.ಮೀ.ಗೆ ಒಂದು ಗಂಟೆ ಏಳು ನಿಮಿಷ.

ಹೆಚ್ಚಿನವರು ಎಡವುವುದು ವಿದೇಶದ ಟಿಕೆಟ್ ನೋಡುವಾಗ. ಮಂಗಳೂರಿನಿಂದ ಬೆಳಿಗ್ಗೆ 8ಕ್ಕೆ ಹೊರಟು ದುಬೈಗೆ 10:15ಕ್ಕೆ ತಲುಪುತ್ತದೆ ಎಂದಿದ್ದರೆ ಎರಡೂಕಾಲು ಗಂಟೆಯ ಪ್ರಯಾಣ ಅಂದುಕೊಳ್ಳಬೇಡಿ. ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ನಿಜವಾದ ಹಾರಾಟ ಮೂರು ಮುಕ್ಕಾಲು ಗಂಟೆ. ಚಳಿಗಾಲದಲ್ಲಿ ಪಶ್ಚಿಮದಿಂದ ಜೋರು ಗಾಳಿ ಬೀಸುವುದರಿಂದ ಹೋಗುವಾಗ ತಡ, ಬರುವಾಗ ಬೇಗ.

ಆದರೆ ಹಾಸನದವರಿಗೆ ಆಕಾಶದ ಲೆಕ್ಕ ಸುಲಭದ್ದು, ಕಾಡುವುದು ರಸ್ತೆಯದ್ದು. ದೆಹಲಿ ವಿಮಾನ 11ಕ್ಕೆ ಅನ್ನಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆಯೇ ಮುಚ್ಚುತ್ತದೆ, ಸಾಲಿನಲ್ಲಿ ನಿಲ್ಲಲು ಇನ್ನೊಂದು ಗಂಟೆ ಇಟ್ಟುಕೊಂಡರೆ 9ಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿರಬೇಕು. ರಸ್ತೆಗೆ ನಾಲ್ಕು ಗಂಟೆ, ಟೋಲು, ತಿಂಡಿ, ಟೈರು ಪಂಕ್ಚರ್ ಅಂತ ಅರ್ಧ ಗಂಟೆ. ನಸುಕಿನ ನಾಲ್ಕೂವರೆಗೆ ಮನೆ ಬಿಡಿ. ಚನ್ನರಾಯಪಟ್ಟಣ, ಕುಣಿಗಲ್ ದಾಟಿ ನೆಲಮಂಗಲಕ್ಕೆ ಬಂದ ಮೇಲೆ ಗೊರಗುಂಟೆಪಾಳ್ಯ, ಹೆಬ್ಬಾಳದ ಕಡೆ ಹೋಗಬೇಡಿ. ಎಡಕ್ಕೆ ದೊಡ್ಡಬಳ್ಳಾಪುರದ ದಾರಿ ಹಿಡಿಯಿರಿ. ಬೆಂಗಳೂರಿನ ಟ್ರಾಫಿಕ್‌ಗೆ ಯಾವ ಸೂತ್ರವೂ ಇಲ್ಲ.

ಮುಂಬೈ, ದುಬೈಗಾದರೆ ಮಂಗಳೂರೂ ಒಂದು ದಾರಿ: ಹಾಸನದವರಿಗೆ ಶಿರಾಡಿ ಘಾಟಿ, ಚಿಕ್ಕಮಗಳೂರಿನವರಿಗೆ ಚಾರ್ಮಾಡಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಹಿಡಿಯುವ ಮುಂಚೆ ಎರಡು ಸಲ ಯೋಚಿಸಿ. ಸಕಲೇಶಪುರದ ಆಚೆ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಟಿಕೆಟ್ ದುಡ್ಡು ಹೋದಂತೆಯೇ. ಮಳೆಗಾಲದಲ್ಲಿ ಹಿಂದಿನ ಸಂಜೆಯೇ ಘಾಟಿ ಇಳಿದು ಮಂಗಳೂರಿನಲ್ಲಿ ಉಳಿಯಿರಿ, ಇಲ್ಲವೇ ಟಿಕೆಟನ್ನು ಬೆಂಗಳೂರಿನಿಂದಲೇ ಮಾಡಿಸಿ.