ಅಳಿಸಿಯೇ ಇರದ ಫೈಲನ್ನು ಮರಳಿ ಪಡೆದದ್ದು

ಮೇಲ್‌ನಿಂದ ನೇರವಾಗಿ ತೆರೆದು ತಿದ್ದಿದ ಫೈಲ್ ಹೋದರೆ ಹೋಯಿತು ಎಂದು ಸಹೋದ್ಯೋಗಿಗಳು ಕೈಚೆಲ್ಲಿದ್ದರು. ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ತಪ್ಪು ನನ್ನದೇ. ಫಾರ್ವರ್ಡ್ ಮಾಡಲು ತೆರೆದಿದ್ದ ಮೇಲ್‌ನಲ್ಲಿಯೇ ಎಕ್ಸೆಲ್ ಅಟ್ಯಾಚ್‌ಮೆಂಟ್ ತೆರೆದು ಸುಮಾರು ಮೂರು ಗಂಟೆ ತಿದ್ದಿದೆ. ಆಗಾಗ ಸೇವ್ ಒತ್ತುತ್ತಲೇ ಇದ್ದೆ. ಎಲ್ಲಿಗೆ ಸೇವ್ ಆಗುತ್ತಿದೆ ಎಂದು ನೋಡಲಿಲ್ಲ. ನಡುವೆ ಮೇಲ್ ತಂತ್ರಾಂಶ ಔಟ್‌ಲುಕ್ ಸ್ತಬ್ಧವಾಯಿತು. ಬಲವಂತವಾಗಿ ಮುಚ್ಚಿದೆ, ಸಿಟ್ಟಿನಲ್ಲಿ ಎಕ್ಸೆಲ್ಲನ್ನೂ ಮುಚ್ಚಿದೆ.

ಮೊದಲು ಡೇಟಾ ರಿಕವರಿ ಸಾಫ್ಟ್‌ವೇರ್ ಕೊಂಡೆ. ಆ ದುಡ್ಡಿಗೆ ಒಳ್ಳೆಯ ಎಸ್‌ಎಸ್‌ಡಿಯೇ ಬರುತ್ತಿತ್ತು. ರಾತ್ರಿಯೆಲ್ಲ ಡಿಸ್ಕ್ ಜಾಲಾಡಿ, ನಾನೇ ಬೇಡವೆಂದು ಎಂದೋ ಅಳಿಸಿದ್ದ ಫೋಟೋಗಳನ್ನು ತಂದು ಮುಂದಿಟ್ಟಿತು. ನನ್ನ ಫೈಲ್ ಇಲ್ಲ. ಅಳಿದಿದ್ದರೆ ತಾನೇ ಬರುವುದು! ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುತ್ತಿದ್ದೆ.

ಎರಡನೆಯ ಎಡವಟ್ಟು ಇನ್ನೂ ದೊಡ್ಡದು. ತೆರೆದ ಅಟ್ಯಾಚ್‌ಮೆಂಟ್‌ನ ಪ್ರತಿಯನ್ನು ಔಟ್‌ಲುಕ್ ಒಂದು ತಾತ್ಕಾಲಿಕ ಫೋಲ್ಡರಿನಲ್ಲಿ ಇಡುತ್ತದೆ. ಯಾರದೋ ಮಾತು ಕೇಳಿ, ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತವಾದ ರಿಜಿಸ್ಟ್ರಿಯಲ್ಲಿ ಆ ಫೋಲ್ಡರಿನ ದಾರಿ ಹೇಳುವ ‘ಔಟ್‌ಲುಕ್‌ಸೆಕ್ಯೂರ್‌ಟೆಂಪ್‌ಫೋಲ್ಡರ್’ ನಮೂದನ್ನು ಅಳಿಸಿದೆ. ಔಟ್‌ಲುಕ್ ಮತ್ತೆ ತೆರೆದಾಗ ಎಂಟು ಅಕ್ಷರಗಳ ಅಡ್ಡಾದಿಡ್ಡಿ ಹೆಸರಿನ ಹೊಸ ಫೋಲ್ಡರ್ ಹುಟ್ಟಿತು, ಖಾಲಿಯಾಗಿ. ಮುಗಿಯಿತು ಎಂದುಕೊಂಡೆ.

ಹಿಡನ್ ಫೈಲ್‌ಗಳನ್ನು ತೋರಿಸುವಂತೆ ಮಾಡಿದರೂ ಎಕ್ಸ್‌ಪ್ಲೋರರ್ ಆ ತಾತ್ಕಾಲಿಕ ಫೋಲ್ಡರ್ ಇರುವ ಜಾಗವನ್ನು ತೋರಿಸದು. ಸಿಸ್ಟಮ್ ಫೈಲ್‌ಗಳನ್ನು ಮರೆಮಾಡುವ ಆಯ್ಕೆಯನ್ನೂ ತೆಗೆಯಬೇಕು. ನಾನು ಆ ತಂಟೆಗೇ ಹೋಗದೆ, ರಿಜಿಸ್ಟ್ರಿಯಲ್ಲಿದ್ದ ಹೊಸ ದಾರಿಯ ಕೊನೆಯ ತುಂಡನ್ನು ಕತ್ತರಿಸಿ, ‘ಐನೆಟ್‌ಕ್ಯಾಶ್’ ಒಳಗಿನ ‘ಕಂಟೆಂಟ್.ಔಟ್‌ಲುಕ್’ವರೆಗೆ ಮಾತ್ರ ಎಕ್ಸ್‌ಪ್ಲೋರರಿನ ಮೇಲ್ತುದಿಯ ಅಡ್ರೆಸ್ ಬಾರ್‌ಗೆ ಅಂಟಿಸಿದೆ. ಅಲ್ಲಿ ನಾಲ್ಕೋ ಐದೋ ಅನಾಥ ಫೋಲ್ಡರ್‌ಗಳು! ಮೂರನೆಯದರಲ್ಲಿ ನನ್ನ ಫೈಲ್, ಹೆಸರಿನ ಬಾಲಕ್ಕೆ ‘(002)’ ಅಂಟಿಸಿಕೊಂಡು ಕುಳಿತಿತ್ತು. ಕೊನೆಯ ಸೇವ್‌ವರೆಗಿನ ಎಲ್ಲ ತಿದ್ದುಪಡಿಗಳೂ ಇದ್ದವು. ಅಟ್ಯಾಚ್‌ಮೆಂಟ್ ತೆರೆದಿರುವಾಗಲೇ ಔಟ್‌ಲುಕ್ ಮುಚ್ಚಿದರೆ ಅದು ಆ ಪ್ರತಿಯನ್ನು ಗುಡಿಸುವುದಿಲ್ಲ. ನನ್ನ ಸಿಟ್ಟೇ ನನ್ನನ್ನು ಕಾಪಾಡಿತು.

ಚಪಲಕ್ಕೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದೇ ಹೆಸರಿನ ಫೈಲನ್ನು ನನಗೇ ಕಳುಹಿಸಿಕೊಂಡು, ತೆರೆದು, ಅದು ತೆರೆದಿರುವಾಗಲೇ ಔಟ್‌ಲುಕ್ ಮುಚ್ಚುತ್ತ ಹೋದೆ. ಪ್ರತಿಗಳ ಸಂಖ್ಯೆ ಏರಿತು. 99ರ ಹತ್ತಿರ ‘ಫೈಲ್ ರಚಿಸಲಾಗದು’ ಎಂದು ಹಟ ಹಿಡಿಯಿತು. ಫೋಲ್ಡರ್ ಖಾಲಿ ಮಾಡಿದ ಮೇಲೆ ಸರಿಹೋಯಿತು. ಅರ್ಧ ದಿನ ಹಾಳಾದರೂ ಬೇಸರವಿಲ್ಲ.

ಈಗ ದಿನಾ ಸಂಜೆ ಆ ಫೋಲ್ಡರ್‌ಗಳನ್ನೆಲ್ಲ ಬೇರೆ ಡ್ರೈವ್‌ಗೆ ನಕಲಿಸುವ ಪುಟ್ಟ ಬ್ಯಾಚ್ ಫೈಲ್ (ಸಾಲುಸಾಲಾಗಿ ಆದೇಶ ಬರೆದಿಟ್ಟ ಫೈಲ್) ಇಟ್ಟಿದ್ದೇನೆ. ಫೋಲ್ಡರಿನ ಹೆಸರು ಬದಲಾದರೂ ಅದು ದಾರಿ ತಪ್ಪದಂತೆ ಮಾಡಿದ ಸಾಲು ಯಾವುದೆಂದು ಮಾತ್ರ ಹೇಳುವುದಿಲ್ಲ. ರಿಕವರಿ ಸಾಫ್ಟ್‌ವೇರಿನ ಪರವಾನಗಿ ಇನ್ನೂ ಏಳೆಂಟು ತಿಂಗಳು ಉಳಿದಿದೆ. ಹಳೆಯ ಫೋಟೋ ಬೇಕಾದವರು ಕೇಳಬಹುದು.