ಪಶ್ಚಿಮದ ಗಾಳಿ ಬೇಕು, ಬಿಸಿಲು ಬೇಡ

ಕುಮಟಾ ಹತ್ತಿರ ನಮ್ಮದು ಎಂಟು ಗುಂಟೆ ಜಾಗ. ಅಜ್ಜನ ಕಾಲದ ಮನೆಗೆ ಗೆದ್ದಲು ಹಿಡಿದು ಬಿಚ್ಚಬೇಕಾಯಿತು. ಹೊಸ ಮನೆಯ ಬಗ್ಗೆ ನನಗಿದ್ದದ್ದು ಒಂದೇ ಆಸೆ: ಮೇ ತಿಂಗಳಲ್ಲೂ ಊಟ ಮಾಡಿ ಎಸಿ ಇಲ್ಲದೆ ಒಂದು ನಿದ್ದೆ ತೆಗೆಯುವಂತಿರಬೇಕು.

ಮೊದಲು ಪೇಟೆಯಲ್ಲಿ ಒಬ್ಬರ ಹತ್ತಿರ ಪ್ಲಾನ್ ಬರೆಸಿದೆ. ಚೌಕ ಡಬ್ಬಿ, ಮೇಲೆ ಚಪ್ಪಟೆ ಸ್ಲ್ಯಾಬ್, ಸೂರ್ಯಾಸ್ತ ಕಾಣಲೆಂದು ಪಶ್ಚಿಮಕ್ಕೆ ಗೋಡೆಯಷ್ಟು ಗಾಜು. ನೋಡಿ ಖುಷಿಯಾಗಿದ್ದು ನಿಜ. ಆದರೆ ನಮ್ಮ ಕಡೆ ಸ್ಲ್ಯಾಬ್ ಮನೆಗಳ ತಲೆ ಮೇಲೆ ನಾಲ್ಕೈದು ಮಳೆಗಾಲದಲ್ಲೇ ತಗಡಿನ ಮಾಡು ಏಳುವುದನ್ನು ಎಷ್ಟು ಕಂಡಿಲ್ಲ! ಎರಡು ಸಲ ಮಾಡಿಗೆ ದುಡ್ಡು ಹಾಕುವ ಬದಲು ಮೊದಲೇ ಇಳಿಜಾರು ಮಾಡು ಕಟ್ಟಬಹುದು, ಅಲ್ವಾ? ಪ್ಲಾನ್ ಮಡಚಿಟ್ಟೆ.

ಆಮೇಲೆ ಒಂದು ವರ್ಷ ಸುಮ್ನೆ ಜಾಗ ನೋಡಿದೆ. ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ಎಂದು ಬರೆದಿಟ್ಟೆ. “ಹೀಗೇ ಊದುಬತ್ತಿ ಹಚ್ಚಿದ್ರೆ ಮನೆ ಏಳೂದು ಯಾವಾಗ ಭಟ್ರೇ?” ಎಂದು ಮೇಸ್ತ್ರಿ ನಕ್ಕರು. ಬೇಸಿಗೆಯ ಮಧ್ಯಾಹ್ನ ಕಡಲ ಗಾಳಿ. ಹೊಗೆ ಪೂರ್ವಕ್ಕೆ ಓಡುತ್ತಿತ್ತು. ರಾತ್ರಿ ನೆಲ ತಣಿದ ಮೇಲೆ ಗುಡ್ಡದ ಕಡೆಯಿಂದ ನಿಧಾನವಾಗಿ ಉಲ್ಟಾ. ಅಂದರೆ ಮಲಗುವ ಕೋಣೆಗೆ ಎದುರುಬದುರು ಕಿಟಕಿ ಬೇಕೇ ಬೇಕು. ಕರಾವಳಿಯದು ಬೆವರಿನ ಸೆಕೆ. ಗಾಳಿ ಆಡದಿದ್ದರೆ ಗೋಡೆ ಎಷ್ಟು ದಪ್ಪ ಇದ್ದರೂ ಸೆಕೆ ತಪ್ಪುವುದಿಲ್ಲ.

ಪೇಚು ಇರುವುದು ಇಲ್ಲೇ. ಗಾಳಿ ಬರುವ ಕಡೆಯಿಂದಲೇ ಸಂಜೆಯ ಬಿಸಿಲು. ಜೂನ್ ಬಂತೆಂದರೆ ಎರಚಲು ಮಳೆಯೂ ಅಲ್ಲಿಂದಲೇ. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಬೇಗೆ ಇಲ್ಲವೇ ನೀರು. ಮೂರು ನಕ್ಷೆ ಹರಿದ ಮೇಲೆ ಹಳೆ ಮನೆ ನೆನಪಾಯಿತು. ಪಶ್ಚಿಮದ ಉದ್ದಕ್ಕೂ ಎಂಟಡಿ ಜಗುಲಿ, ಅದರಾಚೆ ಇನ್ನೂ ಮೂರಡಿ ಚಾಚಿ ಕೆಳಗಿಳಿದ ಸೂರು. ಮಳೆಗಾಲಕ್ಕೆ ಅಜ್ಜ ಅಲ್ಲಿ ಮಡಲಿನ ತಟ್ಟಿ ಕಟ್ಟುತ್ತಿದ್ದರು. ನಾನೂ ಹಾಗೇ ಬರೆಸಿದೆ. ನೈಋತ್ಯದ ಹಲಸಿನ ಮರ ಉಳಿಸಲು ಇಡೀ ಮನೆಯನ್ನು ಆರಡಿ ಸರಿಸಿದೆ.

“ತಮಾ, ಒಲೆ ಆಗ್ನೇಯಕ್ಕೇ ಇರ್ಲಿ” ಎಂದಳು ಆಯಿ, ಅಂದರೆ ಅಮ್ಮ. ವಾಸ್ತು ನನಗೆ ಅಷ್ಟಕ್ಕಷ್ಟೆ. ಆದರೆ ಹಗಲಿನ ಗಾಳಿ ಅಡುಗೆಮನೆಯ ಬಿಸಿ, ಒಗ್ಗರಣೆ ಹೊಗೆ ಎರಡನ್ನೂ ಆ ಕಡೆಯಿಂದಲೇ ಹೊರಗೆ ಒಯ್ಯುತ್ತದೆ. ಜಗಳಕ್ಕೆ ಕಾರಣ ಉಳಿಯಲಿಲ್ಲ.

ಗೋಡೆಗೆ ಚಿರೆಕಲ್ಲು, ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಜಾಸ್ತಿ ಖರ್ಚಿಟ್ಟದ್ದು ಮಾಡಿಗೆ. ನಮ್ಮಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಆಗಸ್ಟ್ ನಡುವಿಗೆ ಇನ್ನೊಮ್ಮೆ. ಬೇಸಿಗೆಯ ಮಧ್ಯಾಹ್ನ ಕಾಯುವುದು ಮಾಡೇ. ಅದಕ್ಕೇ ಮಂಗಳೂರು ಹೆಂಚು, ಅದರ ಕೆಳಗೆ ಸೀಲಿಂಗ್ ಹೆಂಚು. ಬಿಸಿಗಾಳಿ ಹೊರಬೀಳಲು ಮಾಡಿನ ತುದಿಯಲ್ಲಿ ಜಾಲರಿ ಹಾಕಿದ ಕಿಂಡಿ. ಜಾಲರಿ ಬಾವಲಿಗಾಗಿ.

ಕರೆಂಟಿನ ಲೆಕ್ಕ ಆಮೇಲೆ ಹಾಕಿದೆ. ಇದನ್ನೇ ಮೊದಲು ಹಿಡಿದು ಕೂರುವವರು ಜಾಸ್ತಿ, ನನಗೆ ಅದು ಸರಿ ಕಾಣುವುದಿಲ್ಲ. 75 ವ್ಯಾಟಿನ ಐದು ಫ್ಯಾನ್ 12 ಗಂಟೆ ತಿರುಗಿದರೆ 4.5 ಯೂನಿಟ್. ಕಡಿಮೆ ಕರೆಂಟು ತಿನ್ನುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಆದರೆ 1.8. ದಕ್ಷಿಣದ ಇಳಿಜಾರಿಗೆ 3 ಕಿಲೋವ್ಯಾಟ್ ಸೋಲಾರ್ ಇಟ್ಟುಕೊಂಡಿದ್ದೇನೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 78,000 ರೂಪಾಯಿ ಸಹಾಯಧನ. ಒಳ್ಳೆ ಬಿಸಿಲಿಗೆ ದಿನಕ್ಕೆ ಸುಮಾರು 12 ಯೂನಿಟ್ ನಿರೀಕ್ಷೆ. ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತಿಂದುಹೋಗುತ್ತದೆ, ಹಾಗಾಗಿ ಅಲ್ಯುಮಿನಿಯಂ ಸ್ಟ್ಯಾಂಡ್.

ಜೂನ್, ಜುಲೈನಲ್ಲಿ ಸೋಲಾರ್ ನಂಬಿ ಸ್ನಾನಕ್ಕೆ ಹೋಗುವಂತಿಲ್ಲ. ಆದ್ದರಿಂದ ಬಚ್ಚಲ ಹಂಡೆ ಉಳಿಯಿತು. ಮೊನ್ನೆ ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ಗುರುತು ಹಾಕುವಾಗ ನೋಡಿದರೆ ತೆಂಗಿನ ಸಿಪ್ಪೆ ಒಟ್ಟಲು ಜಾಗವೇ ಬಿಟ್ಟಿರಲಿಲ್ಲ! ಮೇಸ್ತ್ರಿ ದಾರ ಕಿತ್ತು ಬಚ್ಚಲನ್ನು ಇನ್ನೂ ನಾಲ್ಕಡಿ ಹಿಂದಕ್ಕೆ ಎಳೆದರು.